ಹಿತ್ತಲ ಕೈತೋಟ ನನಗೆ ಕೊಟ್ಟದ್ದು

(ರೈತ ದಂಪತಿಗಳ ತರಬೇತಿ ಶಿಬಿರವೊಂದರಲ್ಲಿ ಕೋಲಾರ ಜಿಲ್ಲೆಯ ರೈತರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಮೂರೂವರೆ ಎಕರೆ ಜಮೀನಿರುವ ಒಬ್ಬ ಸಾಮಾನ್ಯ ರೈತ. ಎರಡು ಎಕರೆಯಲ್ಲಿ ಮಳೆ ಆಶ್ರಯದ ರಾಗಿ, ಉಳಿದ ಒಂದೂವರೆ ಎಕರೆಯಲ್ಲಿ ಕೊಳವೆಬಾವಿಯ ನೀರು ಸಿಕ್ಕಷ್ಟು ದಿನ ಟೊಮೆಟೊ. ಇಪ್ಪತ್ತೈದು ವರ್ಷಗಳಿಂದ ಇದೇ ನನ್ನ ಕಸುಬು. ಕೈತೋಟದಿಂದ ಆಗುವ ಲಾಭಗಳ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಶಿಬಿರದವರು ಕೇಳಿದಾಗ ನಾನು ಹಿಂಜರಿದೆ. ಲಾಭ ಎಂದ ಕೂಡಲೇ ನಾವು ರೈತರು ಕೇಳುವುದು, ಎಕರೆಗೆ ಎಷ್ಟು ಎಂದು. ನನ್ನ ಕೈತೋಟ ಇರುವುದೇ ಅರ್ಧ ಗುಂಟೆ; 30 ಅಡಿ ಉದ್ದ, 18 ಅಡಿ ಅಗಲ. ಅದರಿಂದ ನನ್ನ ಸಾಲ ತೀರಿಲ್ಲ, ಟ್ರಾಕ್ಟರು ಬಂದಿಲ್ಲ. ಆದರೂ ಆ ತುಂಡು ನೆಲ ನನ್ನ ಸಂಸಾರಕ್ಕೆ ಕೊಟ್ಟದ್ದನ್ನು ಒಂದೂವರೆ ಎಕರೆ ಟೊಮೆಟೊ ಕೊಡಲಿಲ್ಲ. ಅದೇನೆಂಬುದನ್ನು ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ತರಕಾರಿ ರೈತನ ಮನೆಯಲ್ಲಿ ತರಕಾರಿ ಇರಲಿಲ್ಲ

2014ರ ಮಾತು. ನನ್ನ ಹೆಂಡತಿಗೆ ಬಹಳ ಸುಸ್ತು. ಬೆಳಿಗ್ಗೆ ಕೊಟ್ಟಿಗೆಯ ಕಸ ಗುಡಿಸುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಟೊಮೆಟೊ ಬಿಡಿಸುವ ಕಾಲ. ಕೆಲಸದ ಆಯಾಸವೆಂದು ನಾನೂ ಸುಮ್ಮನಿದ್ದೆ, ಅವಳೂ ಸುಮ್ಮನಿದ್ದಳು. ಒಂದು ದಿನ ಗಿಡದ ಸಾಲಿನ ನಡುವೆಯೇ ತಲೆ ತಿರುಗಿ ಕುಳಿತುಬಿಟ್ಟಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತಪರೀಕ್ಷೆ ಮಾಡಿದರು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ ಆದರೂ ಇರಬೇಕು. ಇವಳಿಗೆ ಇದ್ದದ್ದು 7.8.

ಡಾಕ್ಟರಮ್ಮ ಮಾತ್ರೆ ಬರೆಯುತ್ತಾ, "ದಿನಾ ಏನು ಊಟ ಮಾಡ್ತೀಯಮ್ಮ?" ಎಂದು ಕೇಳಿದರು. "ಮುದ್ದೆ, ಸಾರು" ಎಂದಳು. "ಸೊಪ್ಪು, ತರಕಾರಿ?" ಎಂದರು. ಇವಳು ಮಾತಾಡಲಿಲ್ಲ. "ನಿಮ್ಮ ಯಜಮಾನರು ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರು. "ತರಕಾರಿ ಬೆಳೀತಾರೆ" ಎಂದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಮನೆಗೆ ಬಂದು ಯೋಚನೆ ಮಾಡಿದೆ. ವಾರಕ್ಕೊಂದು ಸಂತೆ. ಸಂತೆಯ ದಿನ ತಂದ ಸೊಪ್ಪು ಮಾರನೆಯ ದಿನಕ್ಕೆ ಬಾಡುತ್ತಿತ್ತು. ತರಕಾರಿ ಮೂರು ದಿನಕ್ಕೆ ಮುಗಿಯುತ್ತಿತ್ತು. ಆಮೇಲೆ ಬೇಳೆಸಾರು ಇಲ್ಲವೇ ಮಾರಲಾಗದ ಟೊಮೆಟೊ ಗೊಜ್ಜು. ಪಲ್ಯ ಮಾಡಿದ ದಿನವೂ ಮೊದಲು ನನಗೆ, ಆಮೇಲೆ ಮಕ್ಕಳಿಗೆ, ಆಮೇಲೆ ನನ್ನ ತಾಯಿಗೆ. ಕೊನೆಗೆ ಬಾಣಲೆಯಲ್ಲಿ ಉಳಿದರೆ ಅವಳಿಗೆ. ಹದಿನಾಲ್ಕು ವರ್ಷ ಜೊತೆಯಲ್ಲಿ ಬಾಳಿ ನಾನು ಇದನ್ನು ಗಮನಿಸಿರಲೇ ಇಲ್ಲ.

ಇದು ನನ್ನೊಬ್ಬನ ಮನೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ನಮ್ಮ ರಾಜ್ಯದಲ್ಲಿ ಹೆಚ್ಚು ಕಡಿಮೆ ಅರ್ಧ ಜನರಿಗೆ. ಈ ಸಭೆಯಲ್ಲಿ ಕುಳಿತಿರುವ ತಾಯಂದಿರು ತಮ್ಮ ಅಕ್ಕಪಕ್ಕ ಒಮ್ಮೆ ನೋಡಿಕೊಂಡರೆ ಈ ಲೆಕ್ಕ ಅರ್ಥವಾಗುತ್ತದೆ.

ನಾನೇ ಕಿತ್ತ ಚಪ್ಪರ

ನಮ್ಮ ಮನೆಗೆ ಹಿತ್ತಲು ಇರಲಿಲ್ಲವೆಂದಲ್ಲ. ನನ್ನ ತಾಯಿಯ ಕಾಲದಲ್ಲಿ ಅಲ್ಲಿ ಚಪ್ಪರದವರೆ ಇತ್ತು, ದಂಟು ಇತ್ತು, ಬಚ್ಚಲ ನೀರಿಗೆ ಎರಡು ಬಾಳೆ, ಒಂದು ಕೆಸುವಿನ ಗುಂಪು ಇದ್ದವು. ಟೊಮೆಟೊಗೆ ಕೈ ಹಾಕಿದ ಮೇಲೆ ನೀಲಗಿರಿ ಕಡ್ಡಿಗಳನ್ನೂ ಖಾಲಿ ಬಾಕ್ಸುಗಳನ್ನೂ ಇಡಲು ನನಗೆ ಜಾಗ ಬೇಕಾಯಿತು. ಒಂದು ಬೇಸಿಗೆಯಲ್ಲಿ ಚಪ್ಪರ ಕಿತ್ತುಹಾಕಿದೆ. ನನ್ನ ತಾಯಿ ಬೇಡವೆನ್ನಲಿಲ್ಲ. ಬಳ್ಳಿಯಲ್ಲಿ ಒಣಗಿದ್ದ ನಾಲ್ಕು ಕಾಯಿ ಸುಲಿದು, ಬೀಜವನ್ನು ಬೂದಿಯಲ್ಲಿ ಬೆರೆಸಿ ಒಂದು ಗಡಿಗೆಗೆ ಹಾಕಿಕೊಂಡರು, ಅಷ್ಟೆ. ಮುಂದೆ ಪ್ರತಿ ವರ್ಷ ಹೊಲದ ಬದುವಿನಲ್ಲಿ ಎರಡು ಗಿಡ ಹಾಕಿ ಆ ಬೀಜವನ್ನು ಉಳಿಸಿಕೊಂಡು ಬಂದಿದ್ದರೆಂಬುದು ನನಗೆ ಗೊತ್ತಾದದ್ದು ಆಸ್ಪತ್ರೆಯಿಂದ ಬಂದ ಮೇಲೆ.

"ಕಡ್ಡಿ ಬಾಕ್ಸುಗಳನ್ನ ಹೊಲದ ಶೆಡ್ಡಿಗೆ ಸಾಗಿಸಪ್ಪ, ಹಿತ್ತಲು ಬಿಡಿಸು" ಎಂದರು. ಬಿಡಿಸಿದೆ.

ಮೊದಲ ವರ್ಷದ ತಪ್ಪುಗಳು

ನಾನು ದೊಡ್ಡ ತರಕಾರಿ ಬೆಳೆಗಾರ. ಅರ್ಧ ಗುಂಟೆ ಯಾವ ಲೆಕ್ಕ ಎಂದುಕೊಂಡೆ. ಹೊಲದ ಹಾಗೆಯೇ ಒಂದೇ ದಿನ 40 ಬದನೆ ಗಿಡ ನಾಟಿ ಮಾಡಿದೆ, ಉಳಿದ ಜಾಗಕ್ಕೆಲ್ಲ ಬೆಂಡೆ ಹಾಕಿದೆ. ಮೊದಲ ಬಿತ್ತನೆಯನ್ನು ನಮ್ಮ ಕೋಳಿಗಳೇ ಕೆದಕಿದವು. ಮತ್ತೆ ಬಿತ್ತಿದೆ. ಫಸಲು ಬಂದಾಗ ಒಂದು ತಿಂಗಳು ಬೆಳಿಗ್ಗೆ ಬದನೆಕಾಯಿ, ಸಂಜೆ ಬೆಂಡೆಕಾಯಿ. ಮಕ್ಕಳು ತಟ್ಟೆ ತಳ್ಳಿದರು. ಮರುತಿಂಗಳು ಏನೂ ಇಲ್ಲ. ನನ್ನ ತಾಯಿ ನಕ್ಕು, "ನೀನು ಮಂಡಿಗೆ ಬೆಳೆದಿದ್ದೀಯಪ್ಪ, ಒಲೆಗೆ ಬೆಳೆದಿಲ್ಲ" ಎಂದರು.

ಕೈತೋಟದ ಮರ್ಮ ಈ ಒಂದು ಮಾತಿನಲ್ಲಿದೆ. ಮಾರುಕಟ್ಟೆಗೆ ಬೆಳೆಯುವಾಗ ಒಂದೇ ಸಲ ಹೆಚ್ಚು ಫಸಲು ಬರಬೇಕು. ಮನೆಗೆ ಬೆಳೆಯುವಾಗ ಸ್ವಲ್ಪ ಸ್ವಲ್ಪವಾಗಿ, ಬಗೆಬಗೆಯಾಗಿ, ವರ್ಷವೆಲ್ಲಾ ಬರಬೇಕು.

ಜಾಗ ಮತ್ತು ನೀರು

ಈಗ ನಾವು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಎತ್ತರ ಬೆಳೆಯುವ ನುಗ್ಗೆ, ಪರಂಗಿ, ಕರಿಬೇವು ಮತ್ತು ನಿಂಬೆಯನ್ನು ಉತ್ತರದ ಅಂಚಿನಲ್ಲಿ ಹಾಕಿದ್ದೇವೆ. ಹಾಗೆ ಮಾಡಿದರೆ ಅವುಗಳ ನೆರಳು ತರಕಾರಿ ಮಡಿಗಳ ಮೇಲೆ ಹೆಚ್ಚು ಬೀಳುವುದಿಲ್ಲ. ಬೇಲಿಗೆ ಹೀರೆ, ಹಾಗಲ ಹಬ್ಬಿಸುತ್ತೇವೆ. ನಡುವೆ 10 ಅಡಿ ಉದ್ದ, 3 ಅಡಿ ಅಗಲದ 6 ಮಡಿಗಳಿವೆ. ಮಡಿ 3 ಅಡಿಗಿಂತ ಅಗಲವಾದರೆ ಎರಡೂ ಕಡೆಯಿಂದ ಕೈ ಎಟುಕುವುದಿಲ್ಲ. ಒಳಗೆ ಕಾಲಿಟ್ಟು ಮಣ್ಣು ತುಳಿಯಬೇಕಾಗುತ್ತದೆ. ಬೆಳೆ ಬದಲಾಯಿಸುವಾಗಲೆಲ್ಲ ಪ್ರತಿ ಮಡಿಗೆ ಎರಡು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸುತ್ತೇವೆ. ಸುತ್ತಲೂ ಗೂಟ ನೆಟ್ಟು ಹಳೆಯ ಸೀರೆ ಕಟ್ಟಿದ್ದೇವೆ. ಕೋಳಿಗೆ ಅಷ್ಟು ಸಾಕು.

ನಮ್ಮ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಕುಡಿಯುವ ನೀರಿಗೇ ಕಷ್ಟವಿರುವಾಗ ಕೈತೋಟಕ್ಕೆ ಎಲ್ಲಿಂದ ತರೋಣ ಎಂದು ಕೇಳುವವರಿದ್ದಾರೆ. ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಸೊಪ್ಪಿನ ಮಡಿಗೆ ಹೋಗುತ್ತದೆ. ಬಚ್ಚಲಿನ ಸೋಪಿನ ನೀರನ್ನು ಸೊಪ್ಪಿಗೆ ಬಿಡಬಾರದು. ಅದನ್ನು ಕಾಲುವೆ ಮಾಡಿ ಬಾಳೆಗೆ ಬಿಟ್ಟಿದ್ದೇವೆ. ಮಡಿಗಳ ಮೇಲೆ ಒಣಹುಲ್ಲು, ತರಗು ಹೊದಿಸಿದರೆ ಬೇಸಿಗೆಯಲ್ಲೂ ತೇವ ಉಳಿಯುತ್ತದೆ.

ಬೀಜ ಮತ್ತು ಬಿತ್ತನೆ

ಸೊಪ್ಪಿನ ಮಡಿಯನ್ನು ಎರಡು ಭಾಗ ಮಾಡಿ 15 ದಿನಕ್ಕೊಮ್ಮೆ ಒಂದೊಂದು ಭಾಗಕ್ಕೆ ಬಿತ್ತಬೇಕು. ಹರಿವೆ, ಮೆಂತ್ಯ 25ರಿಂದ 30 ದಿನಕ್ಕೆ ಕೀಳಲು ಬರುತ್ತವೆ. ಒಂದು ಭಾಗ ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುತ್ತದೆ. ಹರಿವೆ, ದಂಟಿನ ಬೀಜ ಬಹಳ ಸಣ್ಣ; ಮರಳಿನಲ್ಲಿ ಬೆರೆಸಿ ಉದುರಿಸಿದರೆ ಒತ್ತಾಗುವುದಿಲ್ಲ. ಇರುವೆ ಬೀಜ ಹೊರದಂತೆ ಮಡಿಯ ಅಂಚಿಗೆ ಬೂದಿ ಹಾಕುತ್ತೇವೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆಯನ್ನು ಬೇರುಸಹಿತ ಕೀಳದೆ ಮತ್ತೆ ಮತ್ತೆ ಕೊಯ್ಯಬಹುದು. ಬೆಂಡೆಯಲ್ಲಿ ಅದೇ ಸಂಸ್ಥೆಯ ಅರ್ಕಾ ಅನಾಮಿಕ ಹಳದಿ ನಂಜುರೋಗ ತಡೆಯುವ ಗುಣಕ್ಕೆ ಹೆಸರಾದ ತಳಿ. ಹುರುಳಿಕಾಯಿಗೆ ಅರ್ಕಾ ಕೋಮಲ್ ಹಾಕುತ್ತೇವೆ. ಇವು ಹೈಬ್ರಿಡ್ ಅಲ್ಲವಾದ್ದರಿಂದ ಒಳ್ಳೆಯ ಗಿಡದ ಕಾಯಿಯನ್ನು ಬಲಿಯಲು ಬಿಟ್ಟು ಬೀಜ ಮಾಡಿಕೊಳ್ಳಬಹುದು. ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ನುಗ್ಗೆಗೆ ಪಿ.ಕೆ.ಎಂ.-1 ಬೀಜ ಹಾಕಿ, ಗಿಡ ಮೂರು ಅಡಿ ಬಂದಾಗ ತುದಿ ಚಿವುಟಿದೆವು. ಕವಲೊಡೆದು ಕೈಗೆಟುಕುವಲ್ಲಿಯೇ ಸೊಪ್ಪು ಸಿಗುತ್ತದೆ.

ಬದನೆ, ಟೊಮೆಟೊ, ಮೆಣಸಿನಕಾಯಿ ಮೂರೂ ಒಂದೇ ಕುಲದವು. ಒಂದರ ನಂತರ ಇನ್ನೊಂದನ್ನು ಅದೇ ಮಡಿಯಲ್ಲಿ ಹಾಕಿದರೆ ಸೊರಗು ರೋಗ, ಬೇರುಗಂಟು ಜಂತು ಹೆಚ್ಚುತ್ತವೆ. ಅವುಗಳ ನಂತರ ಹುರುಳಿಕಾಯಿ ಅಥವಾ ಸೊಪ್ಪು ಹಾಕಬೇಕು.

ಹುಳುವಿನ ಹತೋಟಿ

ಇಲ್ಲೊಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ನನ್ನ ಹೊಲದ ಟೊಮೆಟೊವನ್ನು ಮನೆಗೆ ತರಲು ನಾನೇ ಹಿಂದೆಮುಂದೆ ನೋಡುತ್ತಿದ್ದ ದಿನಗಳಿದ್ದವು. ಮೊನ್ನೆ ಔಷಧಿ ಹೊಡೆದಿದ್ದೇನೆ, ಇವತ್ತು ಮಕ್ಕಳಿಗೆ ಬೇಡ ಎನ್ನುತ್ತಿದ್ದೆ. ಆದರೆ ಅದೇ ದಿನ ಬಿಡಿಸಿದ ಹಣ್ಣಿನ ಬಾಕ್ಸುಗಳು ಮಂಡಿಗೆ ಹೋಗಿರುತ್ತಿದ್ದವು. ಅಲ್ಲಿಯೂ ಯಾರದೋ ಮಕ್ಕಳು ತಿನ್ನುತ್ತಾರೆ ಎಂಬುದು ನನ್ನ ತಲೆಗೆ ಹೊಳೆದದ್ದು ಹಿತ್ತಲಲ್ಲಿ ಗಿಡ ಬೆಳೆಸಿದ ಮೇಲೆ.

ಹಿತ್ತಲಿಗೆ ನಾವು ವಿಷ ಹೊಡೆಯುವುದಿಲ್ಲ. ದಿನಾ ಬೆಳಿಗ್ಗೆ ಎಲೆ ಮಗುಚಿ ನೋಡುತ್ತೇವೆ; ಮೊಟ್ಟೆ, ಹುಳು ಕಂಡರೆ ಕೈಯಿಂದಲೇ ತೆಗೆಯುತ್ತೇವೆ. ಹೇನು ಕಂಡರೆ ಇಬ್ಬನಿ ಇರುವಾಗಲೇ ಬೂದಿ ಉದುರಿಸುತ್ತೇವೆ. ಹೆಚ್ಚಾದರೆ ಬೇವಿನ ಬೀಜದ ಕಷಾಯ: ಒಂದು ಲೀಟರ್ ನೀರಿಗೆ 50 ಗ್ರಾಂ ಒಣಗಿದ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಸಂಜೆ ಹೊತ್ತು ಸಿಂಪಡಿಸಬೇಕು. ಇಲ್ಲಿ ಕಲಿತದ್ದನ್ನು ಮೆಲ್ಲಗೆ ಹೊಲಕ್ಕೂ ತಂದೆ. ಹಳದಿ ಅಂಟುಬಲೆ ಕಟ್ಟಿದೆ, ಸಾಲುಗಳ ನಡುವೆ ಚೆಂಡುಹೂ ಹಾಕಿದೆ. ಮುಖ್ಯವಾಗಿ, ಪಕ್ಕದ ಹೊಲದವರು ಹೊಡೆದರೆಂದು ನಾನೂ ಹೊಡೆಯುವುದನ್ನು ಬಿಟ್ಟೆ. ಹೊಡೆಯಲೇಬೇಕಾದಾಗ ಡಬ್ಬಿಯ ಚೀಟಿ ಓದಿ, ಅದರಲ್ಲಿ ಬರೆದಷ್ಟು ದಿನ ಕಳೆಯುವವರೆಗೆ ಹಣ್ಣು ಬಿಡಿಸುವುದಿಲ್ಲ. ಕೈತೋಟ ನನ್ನನ್ನು ಹೊಲದಲ್ಲಿಯೂ ಉತ್ತಮ ರೈತನನ್ನಾಗಿ ಮಾಡಿತು ಎಂದರೆ ಅತಿಶಯೋಕ್ತಿಯಲ್ಲ.

ಬಂದ ಫಲ

ಮೊದಲನೆಯದು ಆರೋಗ್ಯ. ನನ್ನ ಹೆಂಡತಿಯ ಹಿಮೋಗ್ಲೋಬಿನ್ ಎಂಟು ತಿಂಗಳಲ್ಲಿ 11.6ಕ್ಕೆ ಏರಿತು. ಅಷ್ಟೂ ಸೊಪ್ಪಿನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಡಾಕ್ಟರು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗಿದಳು. ರಕ್ತಹೀನತೆ ಇದ್ದವರು ಪರೀಕ್ಷೆ ಮಾಡಿಸಿಕೊಳ್ಳಬೇಕು, ಮಾತ್ರೆ ಬಿಡಬಾರದು. ಆದರೆ ಮಾತ್ರೆ ನಿಲ್ಲಿಸಿದ ಮೇಲೂ ಅವಳ ರಕ್ತ ಮತ್ತೆ ಇಳಿಯಲಿಲ್ಲ. ಸೊಪ್ಪಿನಲ್ಲಿರುವ ಕಬ್ಬಿಣಾಂಶವೆಲ್ಲ ಮೈಗೆ ಹತ್ತುವುದಿಲ್ಲ. ಊಟದ ಜೊತೆ ನಿಂಬೆರಸವೋ ಸೀಬೆಹಣ್ಣೋ ಇದ್ದರೆ ಹೆಚ್ಚು ಹತ್ತುತ್ತದೆ, ಊಟದ ಹಿಂದೆಯೇ ಟೀ ಕುಡಿದರೆ ಕಡಿಮೆಯಾಗುತ್ತದೆ. ಅದಕ್ಕೇ ಹಿತ್ತಲಲ್ಲಿ ನಿಂಬೆ ಗಿಡ ಇಟ್ಟದ್ದು. ಇನ್ನೊಂದು ಬದಲಾವಣೆ ಆದದ್ದು ಬಡಿಸುವುದರಲ್ಲಿ. ತರಕಾರಿ ಸಂತೆಯಿಂದ ಬರುವಾಗ ಅಳೆದು ಬಡಿಸುತ್ತಿದ್ದಳು. ಹಿತ್ತಲಿಂದ ಬರುವಾಗ ಬಾಣಲೆ ತುಂಬ ಇರುತ್ತದೆ. ಈಗ ಎಲ್ಲರೂ ಒಟ್ಟಿಗೆ ಕೂರುತ್ತೇವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರ ಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕೆಂದು ಹೇಳಿದ್ದಾರೆ. ಐದು ಜನರ ಸಂಸಾರಕ್ಕೆ ದಿನಕ್ಕೆ 2 ಕಿಲೋ ತರಕಾರಿಯಾಯಿತು. ಇದಕ್ಕೆ ಎರಡರಿಂದ ಎರಡೂವರೆ ಗುಂಟೆ ಬೇಕು. ನಮ್ಮ ಅರ್ಧ ಗುಂಟೆಯಿಂದ ಅಷ್ಟು ಸಿಗುವುದಿಲ್ಲ. ಸೊಪ್ಪನ್ನು ಕೊಳ್ಳುವುದಿಲ್ಲ; ಈರುಳ್ಳಿ, ಆಲೂಗಡ್ಡೆ, ಕೆಲವು ತರಕಾರಿಗಳನ್ನು ಈಗಲೂ ಕೊಳ್ಳುತ್ತೇವೆ. ಜಾಗ ಕಡಿಮೆ ಇದ್ದವರು ಸೊಪ್ಪಿನಿಂದಲೇ ಆರಂಭಿಸಬೇಕು; ಬೇಗ ಬಾಡುವುದು, ದಿನಾ ಬೇಕಾದದ್ದು ಅದೇ.

ಎರಡನೆಯದು ಖರ್ಚು. ನನ್ನ ಹೆಂಡತಿ ಬರೆದಿಡುವ ಪುಸ್ತಕದಂತೆ ಸಂತೆಯ ತರಕಾರಿ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿದಿದೆ. ಉಳಿದ ಹಣ ಅವಳ ಕೈಯಲ್ಲೇ ಇರುತ್ತದೆ. ಮಗಳ ಕಾಲೇಜಿನ ಬಸ್ ಪಾಸು ಅದರಲ್ಲೇ ಆಗಿದ್ದು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿದೆ. ಅದರ ಹಿಂದಿನ ಬೆಳೆಗೆ ಬೆಲೆ ಸಿಗದೆ ಬೇಸತ್ತು ನಾನು ಆ ಸಲ ಹೊಲದಲ್ಲಿ ಟೊಮೆಟೊ ಹಾಕಿರಲಿಲ್ಲ. ಊರೆಲ್ಲ ನನ್ನನ್ನು ನೋಡಿ ಅಯ್ಯೋ ಎಂದಿತು. ಹಿತ್ತಲಲ್ಲಿ ಆರು ಗಿಡ ಇದ್ದವು. ಸಾರಿಗೆ ತೊಂದರೆಯಾಗಲಿಲ್ಲ!

ಮೂರನೆಯದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಂದ್ ಆದಾಗ ನನ್ನ ಟೊಮೆಟೊ ಹಣ್ಣಾಗಿ ನಿಂತಿತ್ತು. ಆಳು ಇಲ್ಲ, ಗಾಡಿ ಇಲ್ಲ. ಗಿಡದಲ್ಲೇ ಕೊಳೆಯಿತು. ಬೆಳಿಗ್ಗೆ ಎದ್ದು ಆ ಕಡೆ ಹೋಗಲು ಮನಸ್ಸು ಬರುತ್ತಿರಲಿಲ್ಲ. ರಾತ್ರಿ ನಿದ್ರೆ ಇರಲಿಲ್ಲ. ಸಾಲಗಾರನಿಗೆ ಎಂತೆಂಥ ಯೋಚನೆ ಬರುತ್ತದೆ ಎಂಬುದು ಇಲ್ಲಿರುವ ರೈತರಿಗೆ ಹೇಳಬೇಕಾಗಿಲ್ಲ. ನನ್ನ ತಾಯಿ ಬೆಳಗಾದರೆ, "ಬಾರಪ್ಪ, ಹೀರೆ ಬಳ್ಳಿ ಕೆಳಗೆ ಬಿದ್ದಿದೆ, ಎತ್ತಿ ಕಟ್ಟು" ಎಂದು ಕರೆಯುತ್ತಿದ್ದರು. ಒಂದು ದಿನ ಬಳ್ಳಿ, ಒಂದು ದಿನ ಪಾತಿ, ಒಂದು ದಿನ ಕಳೆ. ಬಳ್ಳಿ ತಾನಾಗಿ ಬೀಳುತ್ತಿರಲಿಲ್ಲ, ಅವರೇ ಬಿಚ್ಚಿಡುತ್ತಿದ್ದರು ಎಂದು ಆಮೇಲೆ ನನ್ನ ಮಗಳು ಹೇಳಿದಳು. ಸಂತೆ ನಿಂತಿದ್ದ ಆ ದಿನಗಳಲ್ಲಿ ನಮ್ಮ ಬೀದಿಯ ನಾಲ್ಕು ಮನೆಗೆ ನಮ್ಮ ಹಿತ್ತಲಿನ ಸೊಪ್ಪು ಹೋಯಿತು. ಸಾವಿರಾರು ಕಿಲೋ ಬೆಳೆದು ಮಣ್ಣುಪಾಲು ಮಾಡಿದವನ ಮನೆಗೆ ಒಂದು ಹಿಡಿ ಸೊಪ್ಪಿಗಾಗಿ ಜನ ಬಂದು, "ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಹೋಗುತ್ತಿದ್ದರು. ಅರ್ಧ ಗುಂಟೆ ನನಗೆ ಕೊಟ್ಟ ದೊಡ್ಡ ಲಾಭ ಅದು. ನಾನು ಬೆಳೆದದ್ದು ಒಬ್ಬರ ತಟ್ಟೆಗೆ ಬಿತ್ತು ಎಂಬುದನ್ನು ನಾನು ಕಣ್ಣಾರೆ ನೋಡಿದೆ. ಮಂಡಿಯಲ್ಲಿ ಅದು ಕಾಣಿಸುವುದಿಲ್ಲ.

ಕೊನೆಯ ಮಾತು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದೆ. ಹತ್ತಿರ ಇರುವುದಕ್ಕೆ ಬೆಲೆ ಕೊಡುವುದಿಲ್ಲ ಎಂದು ಹಿರಿಯರು ನಮ್ಮನ್ನು ನೋಡಿಯೇ ಆಡಿದ ಮಾತು ಅದು. ನಾನು ಚಪ್ಪರ ಕಿತ್ತವನು. ನನಗೆ ಆ ಗಾದೆ ಚೆನ್ನಾಗಿ ಗೊತ್ತು.

ನನ್ನ ತಾಯಿ 2021ರಲ್ಲಿ ತೀರಿಕೊಂಡರು. ಅವರ ಚಪ್ಪರದವರೆ ಇವತ್ತೂ ಹಿತ್ತಲಲ್ಲಿದೆ. ಅದು ಹಳೆಯ ತಳಿ. ಹಗಲು ಗಿಡ್ಡವಾಗುವ ಚಳಿಗಾಲದಲ್ಲಿ ಮಾತ್ರ ಹೂವಾಗುತ್ತದೆ. ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಕೊಟ್ಟಿದ್ದಾರೆ. ಅದನ್ನೂ ಬೆಳೆಯಿರಿ, ನಾನೂ ಬೆಳೆಯುತ್ತೇನೆ. ಆದರೆ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಬೇಯಿಸುವುದು ಆ ಚಪ್ಪರದ ಕಾಯಿಯನ್ನೇ.

ಅದರ ಬೀಜವನ್ನು ನನ್ನ ಹೆಂಡತಿ ಸಣ್ಣ ಪೊಟ್ಟಣ ಕಟ್ಟಿ ತಂದಿದ್ದಾಳೆ. ಬಾಗಿಲ ಬಳಿ ಕುಳಿತಿದ್ದಾಳೆ. ಹೋಗುವಾಗ ಪ್ರತಿ ಮನೆಗೆ ಒಂದು ಪೊಟ್ಟಣ ತೆಗೆದುಕೊಳ್ಳಿ. ಹತ್ತು ಬೀಜ ಇವೆ. ಮಳೆಗಾಲದಲ್ಲಿ ಬಚ್ಚಲ ಪಕ್ಕದಲ್ಲಿ ಒಂದು ಗುಣಿ ತೆಗೆದು ಎರಡು ಬೀಜ ಊರಿ, ನಾಲ್ಕು ಗಳ ನಿಲ್ಲಿಸಿ. ಅದು ಹಬ್ಬಿತೆಂದರೆ ಅದರ ಪಕ್ಕದಲ್ಲಿ ಒಂದು ಮಡಿ ಸೊಪ್ಪು ಹಾಕಲು ನಿಮಗೇ ಮನಸ್ಸಾಗುತ್ತದೆ. ಬೀಜ ಬಂದಾಗ ಚೆನ್ನಾಗಿ ಒಣಗಿಸಿ, ಹುಳು ಬೀಳದಂತೆ ಬೂದಿಯಲ್ಲಿ ಇಡಿ. ಬೆಲೆ ಏನೂ ಇಲ್ಲ. ಮುಂದಿನ ವರ್ಷ ನಿಮ್ಮೂರಿನಲ್ಲಿ ಇಬ್ಬರಿಗೆ ಕೊಟ್ಟರೆ ಆಯಿತು.

ಗಂಡಸರಿಗೆ ಇನ್ನೊಂದು ಮಾತು. ಇವತ್ತು ಮನೆಗೆ ಹೋದ ಮೇಲೆ, ಊಟಕ್ಕೆ ಕುಳಿತಾಗ, ನಿಮ್ಮ ತಟ್ಟೆ ನೋಡಿಕೊಳ್ಳುವ ಮೊದಲು ಬಾಣಲೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿ. ಹಿತ್ತಲು ಎಷ್ಟು ದೊಡ್ಡದಿರಬೇಕೆಂಬ ಲೆಕ್ಕ ಅಲ್ಲಿಂದ ಸಿಗುತ್ತದೆ.